ಮೊಬೈಲ್ ನಿಷೇಧದ ನಿಯಮದಲ್ಲಿ ಆಟಿಸಂ ಇರುವ ವಿದ್ಯಾರ್ಥಿಗಾಗಿ ಒಂದು ಸಾಲು ಬರೆಯಿರಿ

ಪ್ರೌಢಶಾಲೆಗಳ ಮುಖ್ಯೋಪಾಧ್ಯಾಯರಿಗೆ, ಆಡಳಿತ ಮಂಡಳಿಗಳ ಸದಸ್ಯರಿಗೆ ಹಾಗೂ ಶಿಕ್ಷಣ ಇಲಾಖೆಗಳ ಅಧಿಕಾರಿಗಳಿಗೆ,

ಮಾನ್ಯರೇ,

ಶಾಲೆಯೊಳಗೆ ಮೊಬೈಲ್ ಬೇಡ ಎಂಬ ನಿರ್ಧಾರವನ್ನು ನಿಮ್ಮಲ್ಲಿ ಹಲವರು ಈಗಾಗಲೇ ತೆಗೆದುಕೊಂಡಿದ್ದೀರಿ. ಉಳಿದವರು ಆ ಯೋಚನೆಯಲ್ಲಿದ್ದೀರಿ. ಅದನ್ನು ವಿರೋಧಿಸಲು ನಾನು ಈ ಪತ್ರ ಬರೆಯುತ್ತಿಲ್ಲ. ಪಾಠದ ನಡುವೆ ಡೆಸ್ಕಿನ ಕೆಳಗೆ ಬೆಳಗುವ ಪರದೆ ಇಡೀ ಸಾಲಿನ ಗಮನವನ್ನು ಹೇಗೆ ಎಳೆದುಕೊಳ್ಳುತ್ತದೆ ಎಂಬುದು ತರಗತಿಯಲ್ಲಿ ನಿಂತ ಎಲ್ಲರಿಗೂ ಗೊತ್ತು. ಶಿಕ್ಷಣದಲ್ಲಿ ತಂತ್ರಜ್ಞಾನದ ಬಳಕೆ ಕುರಿತು 2023ರಲ್ಲಿ ಯುನೆಸ್ಕೊ ಹೊರತಂದ ಜಾಗತಿಕ ವರದಿಯೂ ಕಲಿಕೆಗೆ ನಿಜವಾಗಿ ನೆರವಾಗುವ ಕಡೆ ಮಾತ್ರ ಇಂಥ ಸಾಧನಗಳು ಇರಲಿ ಎಂದು ಎಚ್ಚರಿಸಿತು. ಆ ಮಾತನ್ನು ನಾನು ಒಪ್ಪುತ್ತೇನೆ. ಕಲಿಕೆಗೆ ನಿಜವಾಗಿ ನೆರವಾಗುವ ಕಡೆಯೂ ಅದನ್ನು ಕಿತ್ತುಕೊಳ್ಳಬೇಡಿ ಎಂದು ಕೇಳುವುದಕ್ಕಾಗಿಯೇ ಈ ಪತ್ರ.

ನಾನು ಪ್ರೌಢಶಾಲೆಯ ವಿಶೇಷ ಶಿಕ್ಷಕಿ. ಆಟಿಸಂ ಇರುವ ಹದಿಹರೆಯದ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ಅವರಲ್ಲಿ ಹಲವರಿಗೆ ಮೊಬೈಲ್ ಅಥವಾ ಟ್ಯಾಬ್ಲೆಟ್‌ನಲ್ಲಿರುವ ಒಂದೆರಡು ಆ್ಯಪ್‌ಗಳೇ ಶಾಲೆಯ ದಿನವನ್ನು ದಾಟಿಸುವ ಆಸರೆ. ನಿಷೇಧದ ನಿಯಮ ಬರೆಯುವಾಗ ಈ ಮಕ್ಕಳು ಯಾರ ನೆನಪಿಗೂ ಬರುವುದಿಲ್ಲ. ನಿಯಮ ಜಾರಿಗೆ ಬಂದ ಮೇಲೆ ಪೋಷಕರು ಕಚೇರಿಯ ಬಾಗಿಲಲ್ಲಿ ನಿಂತು ಕೇಳಿಕೊಳ್ಳಬೇಕು. ಒಬ್ಬ ಮುಖ್ಯೋಪಾಧ್ಯಾಯರು ಬಾಯಿಮಾತಿನಲ್ಲಿ "ಆಗಲಿ" ಎನ್ನುತ್ತಾರೆ, ಅವರು ವರ್ಗವಾಗಿ ಹೋದ ಮೇಲೆ ಬಂದವರು "ಇದಕ್ಕೆ ಒಪ್ಪಿದವರು ಯಾರು?" ಎಂದು ಕೇಳುತ್ತಾರೆ. ಮತ್ತೆ ಮೊದಲಿನಿಂದ ಶುರು. ಈ ಪರದಾಟ ಕೊನೆಯಾಗಬೇಕಾದರೆ ವಿನಾಯಿತಿಯು ನಿಯಮದ ಒಳಗೇ ಬರವಣಿಗೆಯಲ್ಲಿ ಇರಬೇಕು, ಶಾಲೆಯ ಪ್ರತಿಯೊಬ್ಬ ಶಿಕ್ಷಕರಿಗೂ ಅದು ಗೊತ್ತಿರಬೇಕು.

ಇದು ಬೆರಳೆಣಿಕೆಯ ಮಕ್ಕಳ ವಿಷಯ ಎಂದು ಬದಿಗಿಡುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ಕ್ಕೆ ಕೊಟ್ಟಿರುವ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಸುಮಾರು 127 ಜನರಲ್ಲಿ ಒಬ್ಬರು ಆಟಿಸಂ ಉಳ್ಳವರು. ನೂರಾರು ಮಕ್ಕಳಿರುವ ನಿಮ್ಮ ಶಾಲೆಯಲ್ಲಿ ಇಂಥವರು ಇಲ್ಲ ಎಂದು ನಿಮಗೆ ಅನ್ನಿಸುತ್ತಿದ್ದರೆ, ಅವರು ಇನ್ನೂ ಗುರುತಿಸಲ್ಪಟ್ಟಿಲ್ಲ ಅಥವಾ ತಮ್ಮ ಕಷ್ಟವನ್ನು ಚೆನ್ನಾಗಿ ಮುಚ್ಚಿಟ್ಟುಕೊಂಡಿದ್ದಾರೆ ಎಂದೇ ಅದರ ಅರ್ಥವಿರಬಹುದು. ಹೀಗೆ ಮುಚ್ಚಿಟ್ಟುಕೊಳ್ಳುವವರಲ್ಲಿ ಹುಡುಗಿಯರು ಹೆಚ್ಚು.

ಪ್ರಾಥಮಿಕ ಶಾಲೆಯಲ್ಲಿ ಹೇಗೋ ನಡೆದುಕೊಂಡು ಬಂದ ಮಗು ಪ್ರೌಢಶಾಲೆಗೆ ಬಂದಾಗ ಏಕೆ ತತ್ತರಿಸುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿ ಒಂದೇ ಕೋಣೆ, ದಿನದ ಬಹುಪಾಲು ಒಬ್ಬರೇ ಶಿಕ್ಷಕರು. ಮಗುವಿನ ಮುಖ ಬಾಡಿದರೆ ಅವರಿಗೆ ಗೊತ್ತಾಗುತ್ತಿತ್ತು. ಇಲ್ಲಿ ಪೀರಿಯಡ್ ಬದಲಾದಂತೆ ಶಿಕ್ಷಕರು ಬದಲಾಗುತ್ತಾರೆ, ಅವರ ದನಿ, ವೇಗ, ಕೋಪ, ನೋಟ್ಸ್ ಬರೆಸುವ ರೀತಿ ಎಲ್ಲವೂ ಬದಲಾಗುತ್ತವೆ. ಪ್ರಯೋಗಾಲಯಕ್ಕೆ ಹೋಗಬೇಕು, ಆಟದ ಮೈದಾನಕ್ಕೆ ಹೋಗಬೇಕು, ಯಾವ ಪುಸ್ತಕ ಯಾವಾಗ ಬೇಕು ಎಂದು ತಾನೇ ನೆನಪಿಡಬೇಕು. ಮನೆಗೆಲಸ ಒಬ್ಬರು ಹಲಗೆಯ ಮೇಲೆ ಬರೆದರೆ ಇನ್ನೊಬ್ಬರು ಗಂಟೆ ಬಾರಿಸುವ ಗದ್ದಲದಲ್ಲಿ ಬಾಯಲ್ಲಿ ಹೇಳಿ ಹೊರಟುಬಿಡುತ್ತಾರೆ. ಕೆಲಸಗಳನ್ನು ಕ್ರಮವಾಗಿ ಯೋಜಿಸುವುದು, ಒಂದರಿಂದ ಇನ್ನೊಂದಕ್ಕೆ ಮನಸ್ಸು ಹೊರಳಿಸುವುದು, ಸಮಯ ಎಷ್ಟು ಕಳೆಯಿತು ಎಂದು ಅಂದಾಜಿಸುವುದು ಆಟಿಸಂ ಇರುವ ಅನೇಕರಿಗೆ ಕಷ್ಟ. ಪ್ರೌಢಶಾಲೆ ಕೇಳುವುದು ಸರಿಯಾಗಿ ಇವನ್ನೇ. ಬುದ್ಧಿವಂತಿಕೆಗೂ ಇದಕ್ಕೂ ಸಂಬಂಧವಿಲ್ಲ. ಬೀಜಗಣಿತವನ್ನು ಮನಸ್ಸಿನಲ್ಲೇ ಬಿಡಿಸುವ ಹುಡುಗ ಬ್ಯಾಗಿನಲ್ಲಿ ಯಾವ ಪುಸ್ತಕ ಇಡಬೇಕೆಂದು ತಿಳಿಯದೆ ಎಲ್ಲ ಪುಸ್ತಕಗಳನ್ನೂ ಹೊತ್ತು ತರುತ್ತಾನೆ.

ಇದರ ಮೇಲೆ ಶಬ್ದ, ಬೆಳಕು, ವಾಸನೆ, ತಳ್ಳಾಟ. ಇಂದ್ರಿಯಗಳ ಅತಿಸಂವೇದನೆಯನ್ನು 2013ರಲ್ಲಿ ಬಂದ ಡಿಎಸ್‌ಎಂ-5 (ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿ) ಆಟಿಸಂ ಗುರುತಿಸುವ ಮಾನದಂಡಗಳಲ್ಲೇ ಸೇರಿಸಿಕೊಂಡಿದೆ. ನಮಗೆ ಬರೀ ಗಂಟೆ ಎನಿಸುವ ಸದ್ದು ಕೆಲವು ಮಕ್ಕಳಿಗೆ ಕಿವಿಗೆ ಚುಚ್ಚುವ ನೋವು. ಅದು ಯಾವ ಕ್ಷಣದಲ್ಲಿ ಬಾರಿಸುತ್ತದೋ ಎಂಬ ಕಾತರದಲ್ಲೇ ಪೀರಿಯಡ್‌ನ ಕೊನೆಯ ಹತ್ತು ನಿಮಿಷ ಅವರ ಪಾಲಿಗೆ ಇಲ್ಲವಾಗುತ್ತದೆ.

ಈಗ ಆ್ಯಪ್ ಮಾಡುವ ಕೆಲಸ ನೋಡಿ. ನನ್ನ ವಿದ್ಯಾರ್ಥಿಯೊಬ್ಬನ ಮೊಬೈಲ್‌ನಲ್ಲಿ ದಿನದ ವೇಳಾಪಟ್ಟಿ ಬಣ್ಣದ ಪಟ್ಟಿಗಳಾಗಿ ಕಾಣುತ್ತದೆ. ಮುಗಿದ ಪೀರಿಯಡ್ ಮಸುಕಾಗುತ್ತದೆ, ನಡೆಯುತ್ತಿರುವುದು ಮೇಲಕ್ಕೆ ಬರುತ್ತದೆ. ಪಟ್ಟಿಯನ್ನು ಮುಟ್ಟಿದರೆ ಮೂರೇ ವಿವರ: ಕೋಣೆ, ಶಿಕ್ಷಕರ ಹೆಸರು, ತೆಗೆದುಕೊಂಡು ಹೋಗಬೇಕಾದ ಪುಸ್ತಕ. ಗಂಟೆ ಬಾರಿಸುವ ಐದು ನಿಮಿಷ ಮೊದಲು ಮೊಬೈಲ್ ಜೇಬಿನಲ್ಲೇ ಸದ್ದಿಲ್ಲದೆ ಕಂಪಿಸುತ್ತದೆ. ಅವನು ಕಿವಿಯ ಮೇಲೆ ಹೆಡ್‌ಫೋನ್ ಇಟ್ಟುಕೊಂಡು ಪುಸ್ತಕ ಜೋಡಿಸಿಕೊಳ್ಳುತ್ತಾನೆ. ಶಿಕ್ಷಕರೊಬ್ಬರು ರಜೆ ಹಾಕಿದ ದಿನ ನಾನು ಬೆಳಿಗ್ಗೆಯೇ ಆ ಪಟ್ಟಿಯನ್ನು ಬದಲಿಸಿ, "ಇಂದು ವಿಜ್ಞಾನ ಇಲ್ಲ, ಅದರ ಬದಲು ಗ್ರಂಥಾಲಯ" ಎಂದು ಬರೆಯುತ್ತೇನೆ. ಕಿತ್ತಳೆ ಬಣ್ಣ ಕಂಡರೆ ಬದಲಾವಣೆ ಎಂದು ಅವನಿಗೆ ಗೊತ್ತು. ಮೊದಲು ಇಂಥ ಬದಲಾವಣೆ ಬಾಗಿಲಲ್ಲಿ ಅಪರಿಚಿತ ಮುಖವಾಗಿ ಎದುರಾಗುತ್ತಿತ್ತು. ಅವನು ಡೆಸ್ಕಿನ ಕೆಳಗೆ ಹೋಗಿ ಕೂರುತ್ತಿದ್ದ, ಅದಕ್ಕೆ "ಅಶಿಸ್ತು" ಎಂದು ಡೈರಿಯಲ್ಲಿ ಟಿಪ್ಪಣಿ ಬರುತ್ತಿತ್ತು. ಈಗ ಅವನು ಬದಲಾವಣೆಯನ್ನು ಇಷ್ಟಪಡುತ್ತಾನೆ ಎಂದೇನೂ ಅಲ್ಲ, ಆದರೆ ಅದಕ್ಕೆ ಸಿದ್ಧನಾಗಿರುತ್ತಾನೆ.

ಇದಕ್ಕೆ ವಿಶೇಷ ಆ್ಯಪ್ ಕೂಡ ಬೇಕಾಗದಿರಬಹುದು. ಮೊಬೈಲ್‌ನಲ್ಲೇ ಇರುವ ಕ್ಯಾಲೆಂಡರ್, ಟೈಮರ್, ರಿಮೈಂಡರ್, ಹಲಗೆಯ ಮೇಲಿನ ಮನೆಗೆಲಸದ ಚಿತ್ರ ತೆಗೆದುಕೊಳ್ಳಲು ಕ್ಯಾಮೆರಾ, ಪಠ್ಯವನ್ನು ಓದಿ ಹೇಳುವ ಸೌಲಭ್ಯ ಇಷ್ಟರಲ್ಲೇ ಎಷ್ಟೋ ಮಕ್ಕಳ ಕೆಲಸ ಆಗುತ್ತದೆ. ಅಂಗವೈಕಲ್ಯ ಉಳ್ಳವರಿಗೆಂದೇ ಮಾಡಿದ ಆ್ಯಪ್‌ಗಳಲ್ಲಿ ಬಹಳಷ್ಟು ಪುಟ್ಟ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಕುಣಿಯುವ ಕರಡಿ ಚಪ್ಪಾಳೆ ತಟ್ಟುವ ಪರದೆಯನ್ನು ಹದಿನಾಲ್ಕರ ಹುಡುಗ ಸಹಪಾಠಿಗಳ ನಡುವೆ ತೆರೆಯುವುದಿಲ್ಲ. ತೆರೆಯಬೇಕೆಂದು ನಾವು ಒತ್ತಾಯಿಸುವುದೂ ತಪ್ಪು. ಎಲ್ಲರ ಬಳಿ ಇರುವಂಥದ್ದೇ ಮೊಬೈಲ್ ತನ್ನ ಬಳಿಯೂ ಇದೆ, ಅದರಲ್ಲಿ ತನಗೆ ಬೇಕಾದ್ದು ಇದೆ ಎಂಬ ಸಹಜತೆ ಆ ವಯಸ್ಸಿನವರಿಗೆ ತುಂಬಾ ದೊಡ್ಡದು.

ಮಾತಿನ ವಿಷಯಕ್ಕೆ ಬಂದಾಗ ನನ್ನ ದನಿ ಗಟ್ಟಿಯಾದರೆ ಕ್ಷಮಿಸಬೇಕು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬೆಳಗಿನ ಹೊತ್ತು ಚೆನ್ನಾಗಿಯೇ ಮಾತಾಡುತ್ತಾಳೆ. ಗದ್ದಲ, ಒತ್ತಡ ಹೆಚ್ಚಾದಂತೆ ಮಧ್ಯಾಹ್ನದ ಹೊತ್ತಿಗೆ ಅವಳ ಮಾತು ನಿಂತುಹೋಗುತ್ತದೆ. ಹಟದಿಂದಲ್ಲ, ಬಾಯಿಗೆ ಪದ ಬರುವುದೇ ಇಲ್ಲ. ಆಗ ಅವಳು ಮೊಬೈಲ್‌ನಲ್ಲಿ "ನನಗೆ ಐದು ನಿಮಿಷ ಹೊರಗೆ ಕೂರಬೇಕು" ಎಂದು ಟೈಪ್ ಮಾಡಿ ತೋರಿಸುತ್ತಾಳೆ. ಒಂದು ದಿನ ಈ ವ್ಯವಸ್ಥೆ ತಿಳಿಯದ ಬದಲಿ ಶಿಕ್ಷಕರು, ಅವಳು ಆ ವಾಕ್ಯ ಮುಗಿಸುವ ಮೊದಲೇ ಮೊಬೈಲ್ ಕಿತ್ತು ಮೇಜಿನ ಡ್ರಾಯರ್‌ನಲ್ಲಿ ಹಾಕಿದರು. ಬಾಯಲ್ಲಿ ಹೇಳಲು ಆಗದು, ಬರೆದು ಹೇಳುವ ದಾರಿಯೂ ಹೋಯಿತು. ಅವಳು ಗೋಡೆಗೆ ಮುಖ ಮಾಡಿ ಕಿವಿ ಮುಚ್ಚಿಕೊಂಡು ಪೀರಿಯಡ್ ಮುಗಿಯುವವರೆಗೆ ನಿಂತಿದ್ದಳು. ಆ ಶಿಕ್ಷಕರು ಕೆಟ್ಟವರಲ್ಲ, ಗೋಡೆಗೆ ಅಂಟಿಸಿದ್ದ ನಿಯಮವನ್ನು ಪಾಲಿಸಿದರು. ನಿಯಮದಲ್ಲಿ ಅವಳು ಇರಲಿಲ್ಲ.

ಇನ್ನು ಮಾತೇ ಇಲ್ಲದ, ಅಥವಾ ಕೆಲವೇ ಪದಗಳಿರುವ ವಿದ್ಯಾರ್ಥಿಗಳಿಗೆ ಚಿತ್ರ ಅಥವಾ ಅಕ್ಷರ ಮುಟ್ಟಿದರೆ ಧ್ವನಿಯಾಗಿ ಕೇಳಿಸುವ ಸಂವಹನ ಆ್ಯಪ್‌ಗಳಿವೆ. ಇವನ್ನು ಕೊಟ್ಟರೆ ಮಗು ಮಾತಾಡುವ ಪ್ರಯತ್ನವನ್ನೇ ಬಿಟ್ಟುಬಿಡುತ್ತದೆ ಎಂಬ ಭಯ ಪೋಷಕರಲ್ಲೂ ಶಿಕ್ಷಕರಲ್ಲೂ ಗಟ್ಟಿಯಾಗಿ ಕೂತಿದೆ. ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2006ರ ವಿಮರ್ಶೆಯಲ್ಲಿ ಈ ಭಯಕ್ಕೆ ಆಧಾರ ಸಿಗಲಿಲ್ಲ. ಮಾತು ಕುಗ್ಗಿರಲಿಲ್ಲ, ಹೆಚ್ಚಿನವರಲ್ಲಿ ಸ್ವಲ್ಪ ಬೆಳೆದಿತ್ತು. ಆಟಿಸಂ ಇರುವ ಮಕ್ಕಳನ್ನೇ ಕುರಿತ 2008ರ ವಿಮರ್ಶೆಯೂ ಅದನ್ನೇ ಹೇಳಿತು. ಹಾಗೆಂದು ಎಲ್ಲ ಪದ್ಧತಿಯೂ ಒಳ್ಳೆಯದಲ್ಲ. ಮಗುವಿನ ಕೈಯನ್ನು ಇನ್ನೊಬ್ಬರು ಹಿಡಿದು ಅಕ್ಷರ ಒತ್ತಿಸುವ ಕ್ರಮವನ್ನು ದಯವಿಟ್ಟು ಹತ್ತಿರ ಸೇರಿಸಬೇಡಿ. 1990ರ ದಶಕದಲ್ಲೇ ನಡೆದ ಪರೀಕ್ಷೆಗಳಲ್ಲಿ, ಬಂದ ಉತ್ತರಗಳು ಕೈ ಹಿಡಿದವರದ್ದು, ಮಗುವಿನದ್ದಲ್ಲ ಎಂದು ಗೊತ್ತಾಗಿದೆ.

ಪ್ರೌಢಶಾಲೆಯ ಮಗುವಿನ ಸಂವಹನ ಆ್ಯಪ್ ತೆರೆದು ಅದರಲ್ಲಿ ಯಾವ ಪದಗಳಿವೆ ಎಂದು ಒಮ್ಮೆ ನೋಡಿ ಎಂದು ನಿಮ್ಮನ್ನು ಬೇಡುತ್ತೇನೆ. ಊಟ, ನೀರು, ಶೌಚಾಲಯ, ಸಾಕು, ಇನ್ನೂ ಬೇಕು. ಐದು ವರ್ಷದಲ್ಲಿ ಹಾಕಿದ ಪುಟ ಹದಿನೈದು ವರ್ಷವಾದರೂ ಹಾಗೇ ಇರುತ್ತದೆ. ದ್ಯುತಿಸಂಶ್ಲೇಷಣೆ, ಅನುಪಾತ, ಕ್ರಾಂತಿ ಎಂಬ ಪದಗಳು ಅಲ್ಲಿಲ್ಲದಿದ್ದರೆ ಆ ಮಗು ಪಾಠದಲ್ಲಿ ಉತ್ತರ ಕೊಡುವುದು ಹೇಗೆ? "ನನಗೆ ಇಷ್ಟವಿಲ್ಲ", "ನನ್ನನ್ನು ಬಿಟ್ಟುಬಿಡು", "ಅದು ಸುಳ್ಳು" ಎಂಬ ಮಾತುಗಳಿಲ್ಲದಿದ್ದರೆ ಹದಿಹರೆಯದವರು ಗೆಳೆಯರ ಜೊತೆ ಜಗಳವಾಡುವುದು ಹೇಗೆ? ಮುಟ್ಟಿನ ನೋವು ಹೇಳಲು, ದೇಹದ ಅಂಗಗಳ ಹೆಸರು ಹೇಳಲು, "ಇವರು ನನ್ನನ್ನು ಮುಟ್ಟಿದರು" ಎಂದು ದೂರಲು ಪದ ಬೇಕು. ಅವನ್ನು ಆ್ಯಪ್‌ನಿಂದ "ಮುಜುಗರ" ಎಂದು ತೆಗೆದುಹಾಕುವ ದೊಡ್ಡವರನ್ನು ನಾನು ಕಂಡಿದ್ದೇನೆ. ದೌರ್ಜನ್ಯವನ್ನು ಹೇಳಲು ಬೇಕಾದ ಪದವನ್ನು ಕಿತ್ತುಕೊಂಡು ಮಗುವನ್ನು ಸುರಕ್ಷಿತವಾಗಿ ಇಟ್ಟಿದ್ದೇವೆ ಎಂದು ಭಾವಿಸುವುದು ಭಯಂಕರ ತಪ್ಪು.

ಭಾಷೆಯ ತೊಡಕೂ ಇದೆ. ಈ ಆ್ಯಪ್‌ಗಳಲ್ಲಿ ಹೆಚ್ಚಿನವು ಇಂಗ್ಲಿಷ್‌ನಲ್ಲಿ ಹುಟ್ಟಿದವು. ಅಲ್ಲಿ ಚಿತ್ರದ ಪಕ್ಕ ಚಿತ್ರ ಇಟ್ಟರೆ ವಾಕ್ಯ ಹೆಚ್ಚುಕಡಿಮೆ ಸರಿಯಾಗುತ್ತದೆ. ವಿಭಕ್ತಿ ಪ್ರತ್ಯಯಗಳಿರುವ ನಮ್ಮ ಭಾಷೆಯಲ್ಲಿ ಅದೇ ಕ್ರಮದಲ್ಲಿ ಒತ್ತಿದರೆ "ನಾನು ನೀರು ಬೇಕು" ಎಂದು ಕೇಳಿಸುತ್ತದೆ. ಹೀಗೆ ಮಾತಾಡುವವನನ್ನು ತರಗತಿ ನಗುತ್ತದೆ, ಶಿಕ್ಷಕರು ದಡ್ಡ ಎಂದುಕೊಳ್ಳುತ್ತಾರೆ. ಆ್ಯಪ್ ಕೊಳ್ಳುವ ಮೊದಲು ಇಲಾಖೆಯವರು ಅದರ ಜಾಹೀರಾತನ್ನು ಬದಿಗಿಟ್ಟು, ಮಗುವಿನ ಮನೆಮಾತಿನಲ್ಲಿ ಹತ್ತು ವಾಕ್ಯಗಳನ್ನು ಅದರಿಂದ ಹೇಳಿಸಿ ಕೇಳಬೇಕು. ಇಂಟರ್ನೆಟ್ ಇಲ್ಲದಾಗಲೂ ಅದು ಮಾತಾಡುತ್ತದೆಯೇ ಎಂದೂ ನೋಡಬೇಕು.

ಶಾಲೆಗಳು ಉತ್ಸಾಹದಿಂದ ತರುವ, ಆದರೆ ನನಗೆ ಸರಿ ಕಾಣದ ಬಗೆಯ ಆ್ಯಪ್‌ಗಳ ಬಗ್ಗೆಯೂ ಹೇಳಬೇಕು. ಮುಖದ ಚಿತ್ರ ತೋರಿಸಿ "ಇವನು ಸಂತೋಷವಾಗಿದ್ದಾನೆಯೇ, ಕೋಪಗೊಂಡಿದ್ದಾನೆಯೇ?" ಎಂದು ಕೇಳುವ, ಕಣ್ಣಲ್ಲಿ ಕಣ್ಣಿಟ್ಟು ನೋಡಲು ತರಬೇತಿ ಕೊಡುವ ಆ್ಯಪ್‌ಗಳಿಂದ ಸಾಮಾಜಿಕ ಕೌಶಲ ಬರುತ್ತದೆ ಎಂದು ನಂಬಿ ಸಮಯ ಕಳೆಯಬೇಡಿ. ಆರು ವರ್ಷದೊಳಗಿನ ಆಟಿಸಂ ಮಕ್ಕಳ ಮೇಲೆ ಇಂಥದೊಂದು ಟ್ಯಾಬ್ಲೆಟ್ ಆಟವನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಕ್ಕಳು ಆಟವನ್ನು ಇಷ್ಟಪಟ್ಟರೂ ನಿಜಜೀವನದ ಸಂವಹನದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹದಿಹರೆಯದವರ ಬದುಕು ಅದಕ್ಕಿಂತ ಎಷ್ಟೋ ಪಟ್ಟು ಜಟಿಲ. ಸ್ವತಃ ಆಟಿಸಂ ಇರುವ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಮಂಡಿಸಿದ ವಿಚಾರ ಇಲ್ಲಿ ನೆನಪಾಗಬೇಕು. ಪರಸ್ಪರ ಅರ್ಥವಾಗದಿರುವುದು ಎರಡೂ ಕಡೆಯ ಕೊರತೆ, ಆಟಿಸಂ ಇರುವವರೊಬ್ಬರದ್ದೇ ಅಲ್ಲ ಎಂದು ಅವರು ಹೇಳಿದರು. ಸಹಪಾಠಿಗಳಿಗೆ ಏನೂ ಕಲಿಸದೆ ಒಬ್ಬನನ್ನು ಮಾತ್ರ ಮೂಲೆಯಲ್ಲಿ ಕೂರಿಸಿ ಮುಖದ ಚಿತ್ರಗಳನ್ನು ಒತ್ತಿಸುವುದರಲ್ಲಿ ನ್ಯಾಯವಿಲ್ಲ.

ನಡವಳಿಕೆಗೆ ಅಂಕ ಕೊಟ್ಟು ತರಗತಿಯ ದೊಡ್ಡ ಪರದೆಯ ಮೇಲೆ ತೋರಿಸುವ ಆ್ಯಪ್‌ಗಳನ್ನಂತೂ ಈ ಮಕ್ಕಳ ಮೇಲೆ ಬಳಸಲೇಬೇಡಿ. ಕಿವಿ ಮುಚ್ಚಿಕೊಂಡದ್ದಕ್ಕೆ, ಕೈ ಅಲುಗಾಡಿಸಿದ್ದಕ್ಕೆ ಅಂಕ ಕಡಿಮೆಯಾಗುವುದನ್ನು ನಲವತ್ತು ಜನ ನೋಡುವುದು ಬಹಿರಂಗ ಅವಮಾನ. ಮನಸ್ಸಿನ ಸ್ಥಿತಿಯನ್ನು ದಾಖಲಿಸುವ ಆ್ಯಪ್‌ಗಳು ಉಪಯುಕ್ತ. ತನಗೆ ಯಾವಾಗ ದಣಿವಾಗುತ್ತದೆ, ಯಾವ ಪೀರಿಯಡ್ ಮುಗಿದ ಮೇಲೆ ತಲೆ ಕಾಯುತ್ತದೆ ಎಂದು ವಿದ್ಯಾರ್ಥಿಗೇ ತಿಳಿಯುತ್ತಾ ಬರುತ್ತದೆ. ಆದರೆ ಆ ದಾಖಲೆ ಅವನದ್ದು. ಯಾರಿಗೆ ತೋರಿಸಬೇಕೆಂದು ಅವನೇ ಹೇಳಬೇಕು. ಮಾಹಿತಿ ಯಾವ ಕಂಪನಿಯ ಸರ್ವರ್‌ಗೆ ಹೋಗುತ್ತದೆ ಎಂದು ತಿಳಿಸದ ಆ್ಯಪ್ ಶಾಲೆಗೆ ಬರಬಾರದು.

ನಿಮ್ಮ ಆಕ್ಷೇಪಗಳನ್ನು ನಾನು ಸಿಬ್ಬಂದಿ ಸಭೆಗಳಲ್ಲಿ ಕೇಳಿದ್ದೇನೆ. ಒಬ್ಬನಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ ಎನ್ನುತ್ತೀರಿ. ಕೇಳಲಿ. "ಇದು ಅವನ ಕಲಿಕೆಗೆ ಬೇಕು" ಎಂದು ನೇರವಾಗಿ ಹೇಳಿದರೆ ಮಕ್ಕಳಿಗೆ ನಾವು ಅಂದುಕೊಂಡದ್ದಕ್ಕಿಂತ ಬೇಗ ಅರ್ಥವಾಗುತ್ತದೆ. ಗುಟ್ಟಾಗಿ ಕೊಟ್ಟಾಗಲೇ ಅಸೂಯೆ ಹುಟ್ಟುವುದು. ಆಟ ಆಡುತ್ತಾ ಕೂತುಬಿಡುತ್ತಾರೆ ಎಂಬ ಆತಂಕಕ್ಕೆ ಪರಿಹಾರ ಸಾಧನದಲ್ಲೇ ಇದೆ. ಒಂದೇ ಆ್ಯಪ್ ತೆರೆದಿರುವಂತೆ ಪರದೆಯನ್ನು ಕಟ್ಟಿಹಾಕುವ ಸೌಲಭ್ಯ ಐಫೋನ್‌ಗಳಲ್ಲಿ 2012ರಿಂದ, ಆಂಡ್ರಾಯ್ಡ್‌ನಲ್ಲಿ 2014ರಿಂದ ಇದೆ. ಅದನ್ನು ಹೊಂದಿಸಲು ಕೆಲವೇ ನಿಮಿಷ ಸಾಕು. ಆದರೆ ಸಂವಹನ ಆ್ಯಪ್‌ಗೆ ಯಾವ ಬೀಗವೂ ಅಡ್ಡ ಬರಬಾರದು. ಶಿಕ್ಷೆಯಾಗಿ ಅದನ್ನು ಒಂದು ಗಂಟೆ ತೆಗೆದಿಟ್ಟುಕೊಳ್ಳುವುದೂ ಕೂಡದು. ಬೇರೆ ಮಕ್ಕಳಿಗೆ ಶಿಕ್ಷೆಯಾಗಿ ನಾವು ಬಾಯಿಗೆ ಪಟ್ಟಿ ಅಂಟಿಸುತ್ತೇವೆಯೇ?

ಮೊಬೈಲ್‌ಗೇ ಅಂಟಿಕೊಂಡುಬಿಡುತ್ತಾರೆ ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಬ್ಯಾಟರಿ ಮುಗಿಯುತ್ತದೆ, ಪರದೆ ಒಡೆಯುತ್ತದೆ. ಆದ್ದರಿಂದ ವೇಳಾಪಟ್ಟಿಯ ಮುದ್ರಿತ ಪ್ರತಿ, "ನನಗೆ ವಿರಾಮ ಬೇಕು" ಎಂಬ ಕಾರ್ಡ್, ಮುಖ್ಯ ಪದಗಳ ಹಾಳೆ ಬ್ಯಾಗಿನಲ್ಲಿ ಯಾವಾಗಲೂ ಇರಬೇಕು. ಕಾಗದದಲ್ಲೇ ಸಲೀಸಾಗಿ ಆಗುವ ಕೆಲಸಕ್ಕೆ ಆ್ಯಪ್ ತರುವ ಅಗತ್ಯವೂ ಇಲ್ಲ. ಕೆಲವು ಮಕ್ಕಳಿಗೆ ಪರದೆಯ ಬೆಳಕೇ ಕಿರಿಕಿರಿ, ಅವರಿಗೆ ಕೊಡಬೇಡಿ.

ವಿನಾಯಿತಿ ಬರೆದರೆ ನಿಷೇಧವೇ ಸಡಿಲವಾಗುತ್ತದೆ ಎನ್ನುವವರು ಫ್ರಾನ್ಸ್ ನೋಡಬೇಕು. 2018ರ ಆಗಸ್ಟ್‌ನಲ್ಲಿ ಆ ದೇಶ ಶಾಲೆಗಳಲ್ಲಿ ಮೊಬೈಲ್ ಬಳಕೆಯನ್ನು ಕಾನೂನಿನಿಂದಲೇ ನಿಷೇಧಿಸಿತು. ಅಂಗವೈಕಲ್ಯ ಅಥವಾ ದುರ್ಬಲಗೊಳಿಸುವ ಅನಾರೋಗ್ಯ ಇರುವ ವಿದ್ಯಾರ್ಥಿಗಳಿಗೆ ಬಳಸಲು ಅನುಮತಿ ಇರುವ ಸಾಧನಗಳಿಗೆ ಈ ನಿಷೇಧ ಅನ್ವಯಿಸುವುದಿಲ್ಲ ಎಂದು ಅದೇ ಕಾನೂನಿನಲ್ಲಿ ಬರೆದಿದೆ. ಅಷ್ಟು ಕಟ್ಟುನಿಟ್ಟಿನ ನಿಷೇಧದಲ್ಲೂ ಒಂದು ವಾಕ್ಯಕ್ಕೆ ಜಾಗ ಸಿಕ್ಕಿತು. ವಿಶ್ವಸಂಸ್ಥೆ 2006ರ ಡಿಸೆಂಬರ್ 13ರಂದು ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಂತೂ ಇನ್ನೂ ಮುಂದಿದೆ. ಅದರ 2ನೆಯ ವಿಧಿಯಲ್ಲಿ ಸಂವಹನ ಎಂದರೆ ಬಾಯಿಮಾತಷ್ಟೇ ಅಲ್ಲ, ಪೂರಕ ಮತ್ತು ಪರ್ಯಾಯ ವಿಧಾನಗಳೂ ಅದರಲ್ಲಿ ಸೇರಿವೆ. ಸಮಂಜಸ ಹೊಂದಾಣಿಕೆಯನ್ನು, ಅಂದರೆ ಅಂಗವಿಕಲರಿಗೆ ಬೇಕಾದ ಸೂಕ್ತ ಬದಲಾವಣೆಯನ್ನು, ನಿರಾಕರಿಸುವುದನ್ನು ಅದು ತಾರತಮ್ಯ ಎಂದೇ ಕರೆಯುತ್ತದೆ. ಶಿಕ್ಷಣದ ಕುರಿತ 24ನೆಯ ವಿಧಿ ಅಂಥ ಹೊಂದಾಣಿಕೆಯನ್ನು ಪ್ರತಿಯೊಬ್ಬ ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕಂತೆ ಒದಗಿಸಬೇಕು ಎನ್ನುತ್ತದೆ. ಜಗತ್ತಿನ ಬಹುತೇಕ ಎಲ್ಲ ದೇಶಗಳೂ ಇದಕ್ಕೆ ಒಪ್ಪಿವೆ. ಹಾಗಿರುವಾಗ ಪೋಷಕರು ಇದನ್ನು ದಯೆಯಾಗಿ ಬೇಡುವ ಪರಿಸ್ಥಿತಿ ಏಕೆ ಇರಬೇಕು?

ನಿಮಗೆ ಅನುಕೂಲವಾಗಲೆಂದು ಆ ಸಾಲನ್ನು ನಾನೇ ಬರೆದು ಕೊಡುತ್ತೇನೆ: "ಅಂಗವೈಕಲ್ಯ ಇರುವ ವಿದ್ಯಾರ್ಥಿಯು ಸಂವಹನಕ್ಕೆ, ದಿನದ ಯೋಜನೆಗೆ ಅಥವಾ ಮನಸ್ಸನ್ನು ಸ್ಥಿಮಿತದಲ್ಲಿ ಇಟ್ಟುಕೊಳ್ಳಲು ಬಳಸುವ ಮೊಬೈಲ್ ಅಥವಾ ಟ್ಯಾಬ್ಲೆಟ್‌ಗೆ ಈ ನಿಷೇಧ ಅನ್ವಯಿಸುವುದಿಲ್ಲ; ಯಾವ ಸಿಬ್ಬಂದಿಯೂ ಅದನ್ನು ವಶಪಡಿಸಿಕೊಳ್ಳುವಂತಿಲ್ಲ." ನಿಮ್ಮ ಕಾನೂನು ತಜ್ಞರು ಭಾಷೆಯನ್ನು ತಿದ್ದಲಿ, ಅರ್ಥವನ್ನು ಮಾತ್ರ ತೆಳುವಾಗಿಸಬೇಡಿ.

ಆ ಸಾಲು ಕಡತದಲ್ಲೇ ಉಳಿದರೆ ಪ್ರಯೋಜನವಿಲ್ಲ. ಬದಲಿ ಶಿಕ್ಷಕರ ಕೈಗೆ ಹಾಜರಿ ಪುಸ್ತಕ ಕೊಡುವಾಗ ಅದರ ಒಳಪುಟದಲ್ಲೇ ಆ ಟಿಪ್ಪಣಿ ಇರಲಿ. ಗ್ರಂಥಪಾಲಕರಿಗೆ, ದೈಹಿಕ ಶಿಕ್ಷಕರಿಗೆ, ಗೇಟಿನಲ್ಲಿ ಬ್ಯಾಗ್ ಪರೀಕ್ಷಿಸುವವರಿಗೆ ತಿಳಿದಿರಲಿ. ವರ್ಷದ ಆರಂಭದಲ್ಲಿ ಹತ್ತು ನಿಮಿಷ ತೆಗೆದಿಟ್ಟು, ಆ ಆ್ಯಪ್ ಹೇಗೆ ಕೆಲಸ ಮಾಡುತ್ತದೆ ಎಂದು ಎಲ್ಲ ವಿಷಯ ಶಿಕ್ಷಕರಿಗೂ ತೋರಿಸುವ ಏರ್ಪಾಡು ಮಾಡಿ. ವಿದ್ಯಾರ್ಥಿಗೆ ಇಷ್ಟವಿದ್ದರೆ ಅವನೇ ತೋರಿಸಲಿ. ಪರೀಕ್ಷೆಯಲ್ಲಿ ಟೈಮರ್ ಅಥವಾ ಸಂವಹನ ಸಾಧನ ಬಳಸಲು ಬೇಕಾದ ಅನುಮತಿಯನ್ನು ಪರೀಕ್ಷೆಯ ಹಿಂದಿನ ದಿನ ಹುಡುಕಬೇಡಿ. ಕಿರುಪರೀಕ್ಷೆಗಳಿಂದಲೇ ಅದೇ ಸಾಧನದಲ್ಲಿ ರೂಢಿಯಾಗಬೇಕು. ಮಗು ಪ್ರಾಥಮಿಕ ಶಾಲೆಯಿಂದ ಬರುವಾಗ ಅಲ್ಲಿ ಬಳಸುತ್ತಿದ್ದ ಆ್ಯಪ್, ಅದರಲ್ಲಿ ಜೋಡಿಸಿದ ಪದಗಳು, ಚಿತ್ರಗಳು ಜೊತೆಗೇ ಬರಬೇಕು. ಶಾಲೆಯ ಟ್ಯಾಬ್ಲೆಟ್ ಎಂದು ವಾಪಸ್ ಪಡೆದು, ವರ್ಷಗಟ್ಟಲೆ ಕಟ್ಟಿದ ಪದಸಂಪತ್ತನ್ನು ಅಳಿಸಿ ಕಳಿಸುವ ಪದ್ಧತಿಯನ್ನು ಇಲಾಖೆ ಆದೇಶ ಹೊರಡಿಸಿಯೇ ನಿಲ್ಲಿಸಬೇಕು.

ಹೊಸ ನಿಯಮದ ಕರಡು ನಿಮ್ಮ ಮೇಜಿಗೆ ಬಂದಾಗ, ಸಹಿ ಹಾಕುವ ಮೊದಲು ಅದರ ಒಂದು ಪ್ರತಿಯನ್ನು ನಿಮ್ಮ ಶಾಲೆಯಲ್ಲಿರುವ ಆಟಿಸಂ ವಿದ್ಯಾರ್ಥಿಗಳಿಗೆ ಓದಲು ಕೊಡಿ. ಅವರ ತಂದೆತಾಯಿಗಳನ್ನು ಕೇಳಿ, ನನ್ನಂಥವರನ್ನು ಕೇಳಿ, ಆದರೆ ಮೊದಲು ಅವರನ್ನು ಕೇಳಿ. ಸಭೆಯಲ್ಲಿ ಎದ್ದು ನಿಂತು ಹೇಳಲು ಅವರಲ್ಲಿ ಹಲವರಿಗೆ ಆಗುವುದಿಲ್ಲ. ಟೈಪ್ ಮಾಡಿ ಕಳಿಸಲು ಒಂದು ವಾರ ಸಮಯ ಕೊಡಿ, ಅದಕ್ಕೆ ಬೇಕಾದ ಮೊಬೈಲ್ ಅವರ ಕೈಯಲ್ಲೇ ಇರಲಿ.

ಇಂತಿ ನಿಮ್ಮ ವಿಶ್ವಾಸಿ,
ಪ್ರೌಢಶಾಲೆಯ ಒಬ್ಬ ವಿಶೇಷ ಶಿಕ್ಷಕಿ